ಬಾಯಿಟೋಪಿ

ಸೀಸದ ಗುಂಡು ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ ನುಣ್ಣಗೆ ಇಳಿಯಿತು. ಅಲೋಯಿಸ್ ಪುಟ್‌ಹಾಫ್ ಕೋಲನ್ನು ಅಂಗೈಯಿಂದ ಒತ್ತಿ, ಗುಂಡನ್ನು ಬಂದೂಕಿನ ಮೂತಿಯಿಂದ ನಳಿಗೆಯ ಬುಡದವರೆಗೂ ತಳ್ಳಿ, ಕೋಲನ್ನು ಹೊರಗೆಳೆದ. ಆಮೇಲೆ ಸುಮ್ಮನೆ ತಲೆಯೆತ್ತಿ ಮೈದಾನದ ಕಡೆ ನೋಡಿದ.

ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಬಿಸಿಲು. ಇನ್ನೂರು ಗಜ ದೂರದ ಗುರಿಹಲಗೆಗಳು ಕಾಲಿಲ್ಲದೆ ತೇಲುತ್ತಿದ್ದವು. ಹಲಗೆಗಳಿಗೂ ಮೇಜುಗಳಿಗೂ ನಡುವೆ ಒಂದು ಹೆಣ್ಣು ಜಿಂಕೆ ಎಡದಿಂದ ಬಲಕ್ಕೆ ನಡೆದು ಹೋಗುತ್ತಿತ್ತು. ನಡೆಯುತ್ತಿತ್ತು ಅನ್ನುವುದಕ್ಕಿಂತ ಈಜುತ್ತಿತ್ತು ಅನ್ನಬೇಕು. ಬೆನ್ನು, ಕತ್ತು, ಎರಡು ಕಿವಿ ಮಾತ್ರ ಹೊರಗೆ. ನಟ್ಟನಡುವೆ ನಿಂತು ಅದು ಅಲೋಯಿಸನನ್ನು ನೋಡಿತು. ಎಷ್ಟೋ ವರ್ಷದ ಹಿಂದೆ ಇದೇ ಮೈದಾನದಲ್ಲಿ ಹಲಗೆ ಹೊತ್ತು ನಡೆಯುತ್ತಿದ್ದ ಅಪ್ಪನೂ ಹೀಗೇ ನಡುವೆ ನಿಂತು, ತಿರುಗಿ, ಏನೋ ಹೇಳುವವನ ಹಾಗೆ ನೋಡುತ್ತಿದ್ದ. ಆಮೇಲೆ ಹಲಗೆ ಹೊತ್ತು ಮುಂದೆ ಹೋಗುತ್ತಿದ್ದ.

ಅಕ್ಕಪಕ್ಕದ ಮೇಜಿನವರು ಯಾರೂ ಉಸಿರೆತ್ತಲಿಲ್ಲ. ಅಂದರೆ ಯಾರಿಗೂ ಜಿಂಕೆ ಕಂಡಿಲ್ಲ. ತನಗೊಬ್ಬನಿಗೇ ಕಂಡದ್ದು ಎನ್ನುವುದರಲ್ಲಿ ಅಲೋಯಿಸನಿಗೆ ಒಂದು ಬಗೆಯ ಸುಖ, ಒಂದು ಬಗೆಯ ಭಯ.

"ಅಲೋಯಿಸ್! ಗುರಿ ಹೊಡೀತೀಯೋ, ಗೊರಕೆ ಹೊಡೀತೀಯೋ?" ಗಂಟೆಯ ಹಗ್ಗ ಹಿಡಿದು ನಿಂತಿದ್ದ ನಾರ್ಬ್ ಕೂಗಿದ. ಈ ಗುರಿಕಾರರ ಕೂಟದ ಮೇಸ್ತ್ರಿ ಅವನೇ, ನಗಾಡುವವರ ಮುಖಂಡನೂ ಅವನೇ. "ಹತ್ತನೇ ಗುಂಡು, ಕೊನೇ ಗುಂಡು. ನಿನ್ ಸಲುವಾಗಿ ಸೂರ್ಯನ್ನ ಎಷ್ಟೊತ್ತು ಹಿಡ್ಕೊಂಡಿರ್ಲಿ?"

"ಸೂರ್ಯನ್ನ ಬಿಡು, ನಿನ್ ಹೊಟ್ಟೆ ಹಿಡ್ಕೋ. ಅದೇ ಮೊದ್ಲು ಬೀಳೋದು," ಎಂದ ಅಲೋಯಿಸ್. ಸಾಲಿನುದ್ದಕ್ಕೂ ನಗು ಹರಿಯಿತು. ಅವನಿಗೆ ಸಮಾಧಾನವಾಯಿತು. ಮಾತಿಗೆ ಮಾತು ಇನ್ನೂ ಸಿಗುತ್ತದಲ್ಲ.

ಅವನು ಅಂಗಿಯ ಜೇಬಿನಿಂದ ತೋಟಾದ ಹಿತ್ತಾಳೆ ಗೂಡು ತೆಗೆದ. ಮೂವತ್ತೊಂದು ವರ್ಷದಿಂದ ಅದೊಂದೇ ಗೂಡು. ಹೊಡೆದಾದ ಮೇಲೆ ಹೊರಗೆ ತೆಗೆದು, ಬುಡದಲ್ಲಿ ಮದ್ದಿಗೆ ಬೆಂಕಿ ಕೊಡುವ ಹಳೆಯ ಕಿಡಿಬಟ್ಟಲು ಉದುರಿಸಿ, ಹೊಸದನ್ನು ಒತ್ತಿ, ಮದ್ದು ಅಳೆದು ಸುರಿದು, ಮೇಲೊಂದು ಕಾಗದದ ಬಿಲ್ಲೆ ಇಟ್ಟರೆ ಮತ್ತೆ ಮದುಮಗಳು. ಬುಡದಿಂದ ಬಾಯಿಯವರೆಗೂ ನೆಟ್ಟಗೆ ಲೋಟದ ಹಾಗಿನ ಗೂಡು. ಇವತ್ತಿನ ತೋಟಾಗಳ ಹಾಗೆ ಭುಜ ಕುಗ್ಗಿಸಿ ಕತ್ತು ಸಣ್ಣ ಮಾಡಿಕೊಂಡದ್ದಲ್ಲ. "ಬೇರೆ ಗೂಡುಗಳೆಲ್ಲ ಕತ್ತಲ್ಲೇ ಸೀಳೋದು. ನಮ್ಮವಳಿಗೆ ಕತ್ತೇ ಇಲ್ಲ, ನೇಣು ಹಾಕೋದು ಎಲ್ಲಿಗೆ?" ಎನ್ನುವುದು ಅವನ ಹಳೆಯ ಮಾತು. ನೆಲ ಚಪ್ಪಟೆಯಾದ ಈ ಒಹಾಯೊ ಸೀಮೆಯಲ್ಲಿ ದೂರ ಹಾರುವ ಗುಂಡು ಯಾರ ಮನೆ ಕಿಟಕಿಗೆ ಹೋಗುತ್ತದೋ ಎಂದು ಚಳಿಗಾಲದ ಜಿಂಕೆ ಬೇಟೆಗೂ ಸರಕಾರ ಇಂಥ ನೇರಗೋಡೆಯ ತೋಟಾವನ್ನೇ ಒಪ್ಪುತ್ತದೆ. ಹಾಗಾಗಿ ಅಜ್ಜನ ಕಾಲದ ಈ ಒಂಟಿಗುಂಡಿನ ಬಂದೂಕು ಅಕ್ಟೋಬರಿನಲ್ಲಿ ಕಾಗದ ಹೊಡೆಯುತ್ತದೆ, ಡಿಸೆಂಬರಿನಲ್ಲಿ ಅಡುಗೆಮನೆ ತುಂಬಿಸುತ್ತದೆ.

ಅವನು ಒಂದು ಕಾಳೂ ಚೆಲ್ಲದೆ ಮದ್ದು ಸುರಿದ. ಮನೆಯಲ್ಲಿ ಕನ್ನಡಕ ಕಳೆಯುತ್ತಿತ್ತು, ಬೀಗದಕೈ ಕಳೆಯುತ್ತಿತ್ತು, ಒಮ್ಮೊಮ್ಮೆ ವಾರವೇ ಕಳೆದುಹೋಗುತ್ತಿತ್ತು. ಈ ಮೇಜಿನ ಮುಂದೆ ಮಾತ್ರ ಏನೂ ಕಳೆಯುತ್ತಿರಲಿಲ್ಲ. ಹಸಿರು ಬಟ್ಟೆಯ ಮೇಲೆ ಅಳತೆಗೋಲಿಗೆ, ಬಿಲ್ಲೆಡಬ್ಬಿಗೆ, ಸುತ್ತಿಗೆಗೆ, ಬಾಯಿಟೋಪಿಗೆ. ಒಂದೊಂದಕ್ಕೂ ಒಂದೊಂದು ಜಾಗ. ತಲೆ ಮರೆತರೂ ಕೈಗಳಿಗೆ ನೆನಪಿತ್ತು. ವರ್ಷದ ಉಳಿದ ದಿನಗಳೆಲ್ಲ ಇಲ್ಲಿ ಬಂದು ನಿಲ್ಲುವುದಕ್ಕಾಗಿ ಇದ್ದವು.

ಅದಕ್ಕೇ ಆ ಆಣೆ ಇಟ್ಟಿದ್ದ. ಮೂರು ವಾರದ ಹಿಂದೆ, ಹತ್ತು ವರ್ಷದಿಂದ ಒಂದು ಹಸುವೂ ಇಲ್ಲದ ಕೊಟ್ಟಿಗೆಗೆ ಬೆಳಗ್ಗೆ ಎದ್ದು ಬಕೆಟ್ ಹಿಡಿದು ಹೋಗಿದ್ದ. ಹೆಂಡತಿ ಓಡೀಲಿಯಾ ಹಿಂದೆಯೇ ಬಂದು, ಬಕೆಟ್ಟು ಇಸಿದುಕೊಂಡು, ಕಾಫಿ ಕೊಟ್ಟು, ಎದುರಿಗೆ ಕೂತಳು.

"ಅಲೋಯಿಸ್, ಮರೆವು, ಮದ್ದು ಎರಡೂ ಒಂದೇ ಮೇಜಲ್ಲಿ ಇರಬಾರ್ದು."

"ಐವತ್ತೊಂದು ವರ್ಷ! ಒಂದೇ ಒಂದ್ಸಲ ಟೋಪಿ ಹಾರ್ಸಿದೀನಾ ಹೇಳು. ಹಾರ್ಸಿದ ದಿನ ನಾನೇ ಬಂದೂಕು ಗೋಡೆಗೆ ನೇತ್ಹಾಕ್ತೀನಿ. ಆಮೇಲೆ ಮುಟ್ಟಿದ್ರೆ ಕೇಳು."

"ಮಾತಾ?"

"ಪುಟ್‌ಹಾಫ್ ಮಾತು!"

"ಪುಟ್‌ಹಾಫ್ ಮಾತು ಬಹಳ ಕೇಳಿದೀನಿ. ಚಾವಣಿ ಇನ್ನೂ ಸೋರ್ತಿದೆ," ಎಂದಿದ್ದಳು. ಆದರೆ ಕೈ ಮುಂದೆ ಚಾಚಿ ಆಣೆ ತೆಗೆದುಕೊಂಡೇ ಬಿಟ್ಟಿದ್ದಳು.

ಟೋಪಿ ಹಾರಿಸುವುದು ಈ ಕೂಟದವರು ಮಾತ್ರ ಮಾಡಬಲ್ಲ ತಪ್ಪು. ಬಾಯಿಟೋಪಿ ಎಂದರೆ ನಳಿಗೆಯ ತುದಿಗೆ ಕೂರುವ, ಹೆಬ್ಬೆರಳುದ್ದದ ಉಕ್ಕಿನ ತುಂಡು. ಮೂತಿಯಿಂದ ಗುಂಡು ತಳ್ಳುವಾಗ ನಳಿಗೆಯ ಅಂಚು ಸವೆಯದಿರಲಿ ಎಂದು ಇಡುವುದು. ನಳಿಗೆ ಮಾಡುವಾಗಲೇ ಅದರ ತುದಿ ಕೊಯ್ದು, ಎರಡನ್ನೂ ಒಟ್ಟಿಗೆ ಕೊರೆದಿರುತ್ತಾರೆ. ಒಂದು ನಳಿಗೆಗೆ ಒಂದೇ ಟೋಪಿ, ಅದು ಹೋದರೆ ಬಂದೂಕು ವಿಧವೆ. ಗುಂಡು ತುಂಬಿದ ಮೇಲೆ ಅದನ್ನು ತೆಗೆದು ಬಟ್ಟೆಯ ಮೇಲಿಟ್ಟು ಹೊಡೆಯಬೇಕು. ಮರೆತರೆ ಗುಂಡಿನ ಜೊತೆ ಟೋಪಿಯೂ ಹುಲ್ಲಿಗೆ. ಮರೆಯದಿರಲಿ ಎಂದೇ ಪ್ರತಿ ಟೋಪಿಯ ನೆತ್ತಿಗೆ ಒಂದು ಅಡ್ಡತಗಡು ಇರುತ್ತದೆ, ಗುರಿ ನೋಡಲು ಹೋದರೆ ಕಣ್ಣಿಗೆ ಕತ್ತಲೆ. ಅಲೋಯಿಸ್ ಇಪ್ಪತ್ತು ವರ್ಷದ ಹಿಂದೆಯೇ ಆ ತಗಡನ್ನು ಗರಗಸದಿಂದ ಕೊಯ್ದು ಬಿಸಾಕಿದ್ದ. ಕಣ್ಣುಪಟ್ಟಿ ಕುದುರೆಗೆ, ನನಗಲ್ಲ ಎಂದು.

ಟೋಪಿ ಹಾರಿಸಿದವನು ಸಂಜೆಯವರೆಗೂ ತಲೆಯ ಮೇಲೆ ಹಾಲು ಸೋಸುವ ತಗಡಿನ ಆಲಿಕೆ ಹಾಕಿಕೊಂಡು ಓಡಾಡಬೇಕು. ಪಕ್ಕದ ಮೇಜಿನ ಸಿಲ್ವನ್ ಹೈಟ್‌ಕ್ಯಾಂಪ್ ಅದನ್ನು ಮೂರು ಸಲ ಹಾಕಿದ್ದ. ಅಲೋಯಿಸನ ನಲವತ್ತು ವರ್ಷದ ಗೆಳೆಯ, ನಲವತ್ತು ವರ್ಷದ ಎದುರಾಳಿ. ಇವತ್ತು ಹತ್ತೂ ಗುಂಡು ಮುಗಿಸಿ ಇನ್ನೂರ ಇಪ್ಪತ್ತೆಂಟಕ್ಕೆ ನಿಂತಿದ್ದ. ಅಲೋಯಿಸ್ ಒಂಬತ್ತಕ್ಕೆ ಇನ್ನೂರ ಐದು. ಪಂದ್ಯ ಗೆದ್ದು ಈ ವರ್ಷದ ರಾಜನಾಗಬೇಕಾದರೆ ಕೊನೆಯ ಗುಂಡಿಗೆ ಇಪ್ಪತ್ತನಾಲ್ಕಾದರೂ ಬೇಕು. ನಡುಚುಕ್ಕಿಗೆ ಇಪ್ಪತ್ತೈದು.

ಅಲೋಯಿಸ್ ಗೂಡನ್ನು ಬುಡದಿಂದ ತುಂಬಿಸಿ, ಬಂದೂಕಿನ ಬಾಗಿಲು ಮುಚ್ಚಿ, ಗುಂಡು ಹೊಡೆಯುವ ಗೆರೆಗೆ ಬಂದು ನಿಂತ. ಜಿಂಕೆ ಆಗಲೇ ಗುರಿಹಲಗೆಗಳ ಆಚೆ ಮಂಜಿನಲ್ಲಿ ಮರೆಯಾಗಿತ್ತು. ಮೊಣಕೈ ಸೊಂಟಕ್ಕೆ ಒತ್ತಿ, ಎಡ ಅಂಗೈ ಮೇಲೆ ಬಂದೂಕು ಕೂರಿಸಿದ. ಇವತ್ತು ಮೂತಿ ಯಾಕೋ ಭಾರವಾಗಿತ್ತು. ಒಳ್ಳೆಯ ಭಾರ. ದಿನವೂ ಕೋಳಿಯ ಹಾಗೆ ಅತ್ತಿತ್ತ ಕೊರಳು ಹಾಕುತ್ತಿದ್ದ ನಳಿಗೆ ಇವತ್ತು ಮಲಗಿದ ನಾಯಿಯ ಹಾಗೆ ಸುಮ್ಮನಿತ್ತು. ಮಂಜಿನ ಮೇಲೆ ಕಪ್ಪು ಚುಕ್ಕಿ ತೇಲಿ ಬಂದು ಗುರಿಬಳೆಯೊಳಗೆ ತಾನಾಗಿ ಕೂತಿತು. ಅವನು ಬೆರಳಿನಡಿಯ ಎರಡು ಕುದುರೆಗಳಲ್ಲಿ ಹಿಂದಿನದನ್ನು ಎಳೆದಿಟ್ಟ. ಇನ್ನು ಮುಂದಿನದಕ್ಕೆ ಉಸಿರು ತಾಗಿದರೆ ಸಾಕು. ಕುದುರೆ ಎಳೆದಿಟ್ಟವನ ಹಿಂದೆ ಮಾತಾಡಬಾರದು, ಕೆಮ್ಮಬಾರದು, ಕುರ್ಚಿ ಎಳೆಯಬಾರದು. ಗಂಟೆ ಕಟ್ಟಿದ ಕಾಲದಿಂದ ಬಂದ ನಿಯಮ. ಮೈದಾನವೆಲ್ಲ ಮೌನ. ಆ ಮೌನದೊಳಗೆ ಅಲೋಯಿಸನಿಗೆ ವಯಸ್ಸೇ ಇರಲಿಲ್ಲ. ಗುಂಡು ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮಂಜಿನಲ್ಲಿ ಏನೋ ಗುಬ್ಬಚ್ಚಿ ಹಾರಿದ ಹಾಗೆ ಬುರ್ರೆಂದಿತು.

"ಇಪ್ಪತ್ತೈದು!" ದುರ್ಬೀನಿಗೆ ಕಣ್ಣಿಟ್ಟು ಅಂಕ ಬರೆಯುತ್ತಿದ್ದ ಓಡೀಲಿಯಾ ಕೂಗಿದಳು. "ನಟ್ಟನಡುವಿಗೆ! ಮೊಳೆ ಹೊಡೆದಂಗೆ!"

ಜನ ಮುತ್ತಿದರು. ಬೆನ್ನಿಗೆ ಬಿದ್ದ ಏಟುಗಳಲ್ಲಿ ಅವನ ಹಲ್ಲುಸೆಟ್ಟು ಅಲುಗಿತು. ನಗುನಗುತ್ತಲೇ ಅವನು ಮೇಜಿಗೆ ಬಂದು ಬಂದೂಕು ಇಟ್ಟ. ಹಸಿರು ಬಟ್ಟೆ ನೋಡಿದ. ಅಳತೆಗೋಲು, ಬಿಲ್ಲೆಡಬ್ಬಿ, ಸುತ್ತಿಗೆ. ಸುತ್ತಿಗೆಯ ಪಕ್ಕದಲ್ಲಿ ಬಟ್ಟೆಯ ಮೇಲೆ ದುಂಡಗೆ ಒಂದು ಒತ್ತು. ಒತ್ತು ಮಾತ್ರ.

ಅಲೋಯಿಸ್ ಆ ಒತ್ತಿನ ಮೇಲೆ ಅಂಗೈ ಇಟ್ಟು ಮುಚ್ಚಿದ.

ಊಟಕ್ಕೆ ಗಂಟೆ ಹೊಡೆಯಿತು. ಮರದಡಿಯ ಉದ್ದನೆಯ ಮೇಜುಗಳ ಮೇಲೆ ಸುಟ್ಟ ಸಾಸೇಜು, ಹುಳಿಕೋಸು, ಸೇಬಿನ ಕಡುಬು, ಬಿಯರು. ಅಲೋಯಿಸ್ ತಟ್ಟೆಯ ಸಾಸೇಜನ್ನು ಅತ್ತಿಂದಿತ್ತ ಉರುಳಿಸುತ್ತ ಕೂತ. ಹೇಳಿದರೆ ಗೆರೆ ಹೋಯಿತು. ಇನ್ನು ಮೇಲೆ ಈ ಮರದಡಿ ಕೂತು ಬೇರೆಯವರ ಗುಂಡಿಗೆ ಚಪ್ಪಾಳೆ ತಟ್ಟಬೇಕು. ಹೇಳದಿದ್ದರೆ ಟೋಪಿ ಹೋಯಿತು. ಟೋಪಿ ಇಲ್ಲದ ಬಂದೂಕು ಹಿಡಿದು ಗೆರೆಗೆ ಬಂದು ಮಾಡುವುದೇನು?

"ಊಟ ಆದ್ಮೇಲೆ ಮಕ್ಕಳ ಓಟ," ನಾರ್ಬ್ ಬಾಯಿ ತುಂಬಿಕೊಂಡೇ ಸಾರಿದ. "ಹುಲ್ಲು ಕತ್ತರಿಸೋ ಯಂತ್ರ ಬರ್ತಿದೆ. ಆಮೇಲೆ ರಾಜರಿಗೆ ಸರಪಳಿ!"

ಅಲೋಯಿಸ್ ತಟ್ಟೆ ಬಿಟ್ಟು ಎದ್ದ. ಹೊಡೆಯುವುದು ನಿಂತಿದೆ ಎನ್ನುವ ಕೆಂಪು ಬಾವುಟ ಏರಿತ್ತು, ಬಂದೂಕುಗಳೆಲ್ಲ ಬಾಯಿ ತೆರೆದು ಮಲಗಿದ್ದವು. ಅವನು ಮೈದಾನಕ್ಕಿಳಿದು ಮೊಣಕಾಲೆತ್ತರದ ಹುಲ್ಲಲ್ಲಿ ಬೂಟಿನ ತುದಿಯಿಂದ ತಡಕಾಡತೊಡಗಿದ. ಮಂಜು ಎದ್ದುಹೋಗಿ ಪ್ರತಿ ಹುಲ್ಲಿನ ತುದಿಗೂ ಒಂದೊಂದು ಹನಿ. ಎಲ್ಲವೂ ಉಕ್ಕಿನ ಹಾಗೆ ಹೊಳೆಯುತ್ತಿದ್ದವು.

"ಏನ್ ರಾಜರು, ರಾಜ್ಯ ಅಳೀತಿದೀರಾ?" ಹಿಂದಿನಿಂದ ಸಿಲ್ವನ್ ಬಂದ.

"ಅಣಬೆ ಹುಡುಕ್ತಿದೀನಿ."

"ಉಕ್ಕಿನ ಅಣಬೆನಾ?"

ಅಲೋಯಿಸ್ ತಿರುಗಿ ನೋಡಿದ. ಸಿಲ್ವನ್ ನಗುತ್ತಿರಲಿಲ್ಲ.

"ನಾನು ನೋಡ್ದೆ ಕಣೋ," ಎಂದ ಸಿಲ್ವನ್. "ನೀನು ಗೆರೆಗೆ ನಿಂತ್ಮೇಲೆ ನೋಡ್ದೆ. ಅಷ್ಟೊತ್ತಿಗೆ ನೀನು ಕುದುರೆ ಎಳೆದಿಟ್ಟಿದ್ದೆ. ಬಾಯಿ ಬಿಡೋ ಹಾಗಿಲ್ಲ. ನಾಲ್ಗೆ ಕಚ್ಕೊಂಡು ನಿಂತಿದ್ದೆ, ನೋಡು ಬೇಕಾದ್ರೆ, ಗುರುತಿದೆ." ನಾಲಗೆ ಹೊರಗೆ ಹಾಕಿ ತೋರಿಸಿದ.

"ಒಳಗೆ ಹಾಕೋ. ಈ ವಯಸ್ಸಲ್ಲಿ ಅದನ್ನ ಯಾರೂ ನೋಡ್ಬಾರ್ದು."

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಅಲೋಯಿಸ್ ಆಣೆಯ ಮಾತು ಹೇಳಿದ. ಸಿಲ್ವನ್ ಬೂಟಿನಿಂದ ಹುಲ್ಲು ಸರಿಸಿ ನೋಡಿದ. "ಇಷ್ಟೇನಾ? ಬಿಡು, ಅದು ನಂದು," ಎಂದ. "ಈಗಾಗ್ಲೇ ಮೂರು ಸಲ ಆಗಿದೆ. ನಾಲ್ಕಾದ್ರೆ ನನ್ ಮಾನ ಎಲ್ಲಿಗೆ ಹೋಗತ್ತೆ? ಹೋಗಕ್ಕೆ ಇದ್ರೆ ತಾನೆ?"

ಅಲೋಯಿಸ್ ಬೇಡ ಎನ್ನುವುದರೊಳಗೆ ಅವನು ಮರದ ಕಡೆ ಹೊರಟಾಗಿತ್ತು. ನಿಜ ಹೇಳಬೇಕೆಂದರೆ ಬೇಡ ಎನ್ನಲು ಅಲೋಯಿಸ್ ಅವಸರವನ್ನೂ ಮಾಡಲಿಲ್ಲ. ಸಿಲ್ವನ್ ಮರಕ್ಕೆ ನೇತುಹಾಕಿದ್ದ ಆಲಿಕೆ ತೆಗೆದು ತಲೆಗೇರಿಸಿ, ಬೆಂಚು ಹತ್ತಿ ನಿಂತ. "ಮಹಾಜನಗಳೇ! ಹೊಡೆದು ನೋಡಿ ಖುಷಿಯಾಗೋಣ ಅಂತ ಊಟಕ್ಕೆ ಮುಂಚೆ ಖಾಲಿ ಮೈದಾನಕ್ಕೆ ಒಂದು ಗುಂಡು ಬಿಟ್ಟೆ. ಟೋಪಿ ಹೋಯ್ತು. ನಾಲ್ಕನೇ ಸಲ. ಕತ್ತರಿಸೋರು ಬರೋದ್ರೊಳಗೆ ಹುಡುಕಿ ಕೊಟ್ಟವರಿಗೆ ನನ್ನ ಪಾಲಿನ ಕಡುಬು!"

ನಗುವಿಗೆ ಮರದ ಮೇಲಿನ ಹಕ್ಕಿಗಳು ಹಾರಿದವು. "ಅಯ್ಯೋ, ಇವನ ತಲೇನೂ ಸ್ಕ್ರೂ ಹಾಕಿ ಕೂರ್ಸಬೇಕು!" "ಕಡುಬು ಬೇಡ ಮಾರಾಯ, ನಿನ್ ಹೆಂಡ್ತಿ ಮಾಡಿದ್ದಾದ್ರೆ ಟೋಪೀನೇ ಮೆತ್ತಗಿರತ್ತೆ!" ಎಂದೆಲ್ಲ ಕೂಗುತ್ತ ಎಲ್ಲರೂ ಇಳಿದು ಬಂದರು. ತೋಳಿಗೆ ತೋಳು ತಾಗಿಸಿ ಒಂದೇ ಸಾಲಾಗಿ, ತಲೆ ತಗ್ಗಿಸಿ, ಹುಲ್ಲಿನ ಮೇಲೆ ನಿಧಾನವಾಗಿ ನಡೆದರು. ಯಾವುದೋ ದೊಡ್ಡ ದುಃಖಕ್ಕೋ ದೊಡ್ಡ ಮದುವೆಗೋ ಹೊರಟವರ ಹಾಗೆ. ಬಿಸಿಲಿನಲ್ಲಿ ಅವರ ನೆರಳುಗಳು ಮುಂದೆ ಮುಂದೆ ಹುಡುಕುತ್ತಿದ್ದವು. ಅಲೋಯಿಸನ ಎಡಕ್ಕೆ ಸಿಲ್ವನ್, ಬಲಕ್ಕೆ ಓಡೀಲಿಯಾ. ಮೊದಲ ಗುಟುಕು ಬಿಯರಿನ ಹಾಗೆ ಒಂದು ನಿರಾಳ ಅವನ ಎದೆಯೊಳಗೆ ಇಳಿಯುತ್ತಿತ್ತು. ಮುಂದಿನ ವರ್ಷವೂ ಬರಬಹುದು. ಅದರ ಮುಂದಿನ ವರ್ಷವೂ.

ಟೋಪಿ ಸಿಕ್ಕಿದ್ದು ಓಡೀಲಿಯಾಳ ಕಾಲಿಗೆ.

ಅವಳು ಬಗ್ಗಿ ಎತ್ತಿಕೊಂಡು ಲಂಗದ ಅಂಚಿನಿಂದ ಮಣ್ಣು ಒರೆಸಿದಳು. ಸುತ್ತ ತಿರುಗಿಸಿದಳು. ತಗಡು ಕೊಯ್ದ ಜಾಗದ ಮೇಲೆ ಹೆಬ್ಬೆರಳು ಓಡಾಡಿ ನಿಂತಿತು. ಅಲೋಯಿಸ್ ಉಸಿರು ಹಿಡಿದ. ಅವಳು ಅವನ ಮುಖ ನೋಡಲಿಲ್ಲ.

"ಸಿಲ್ವನ್," ಎಂದಳು. "ತಗೋ, ನಿನ್ ಟೋಪಿ. ಪೆಟ್ಟೇನೂ ಆಗಿಲ್ಲ."

ಎಲ್ಲರೂ ಹೋ ಎಂದರು. ಸಿಲ್ವನ್ ಅದನ್ನು ಇಸಿದುಕೊಂಡು ಅಂಗೈಯಲ್ಲಿ ಬಿಸಿ ಆಲೂಗಡ್ಡೆ ಹಿಡಿದವನ ಹಾಗೆ ನಿಂತ. ಸಾಲು ಒಡೆದು ಜನ ಮರದ ಕಡೆ ತಿರುಗಿದರು. ಓಡೀಲಿಯಾ ಮಾತ್ರ ಅಲ್ಲೇ ನಿಂತು ಲಂಗಕ್ಕೆ ಅಂಟಿದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕೀಳತೊಡಗಿದಳು.

"ತಗಡು ಕೊಯ್ಯುವಾಗ ಹಿಡ್ಕೊಂಡಿದ್ದು ನೀನೇ ಅಲ್ವಾ?" ಅಲೋಯಿಸ್ ಮೆಲ್ಲಗೆ ಕೇಳಿದ.

"ಹೂಂ. ಆವತ್ತೇ ಹೇಳ್ದೆ, ಬೇಡ ಅಂತ."

"ಹಾಗಾದ್ರೆ ಗೊತ್ತಾಯ್ತು ನಿಂಗೆ."

"ಏನ್ ಗೊತ್ತಾಯ್ತು? ನಂಗೇನೂ ಗೊತ್ತಿಲ್ಲ." ಅವಳು ಈಗ ಅವನನ್ನು ನೋಡಿದಳು. ಕೊಟ್ಟಿಗೆಯ ಬಾಗಿಲಲ್ಲಿ ಆವತ್ತು ನೋಡಿದ ಹಾಗೇ. "ನೀನು ಹೇಳಿದ್ರೆ ಗೊತ್ತಾಗತ್ತೆ. ಇಲ್ದಿದ್ರೆ ಇಲ್ಲ. ನಾನು ಕೇಳಲ್ಲ ಅಲೋಯಿಸ್, ಯಾವತ್ತೂ ಕೇಳಲ್ಲ."

ಮರದಡಿ ನಾರ್ಬ್ ಸರಪಳಿ ಹೊರಗೆ ತೆಗೆದಿದ್ದ. ಸಾಲು ಸಾಲು ಬೆಳ್ಳಿಬಿಲ್ಲೆಗಳು, ಒಂದೊಂದರ ಮೇಲೂ ಹಿಂದಿನ ವರ್ಷಗಳ ಒಬ್ಬ ರಾಜನ ಹೆಸರು. ಅಲೋಯಿಸ್ ಬಗ್ಗಿ ಕತ್ತು ಕೊಟ್ಟ. ತಣ್ಣಗೆ ಭಾರ ಬಿತ್ತು. "ಮಾತಾಡಿ ಪ್ರಭು! ಆದ್ರೆ ಚಿಕ್ಕದಾಗಿ. ಬಿಯರು ಬಿಸಿಯಾಗ್ತಿದೆ," ಎಂದ ನಾರ್ಬ್.

ಅಲೋಯಿಸ್ ತಲೆಯೆತ್ತಿದ. ಜನರ ನಡುವೆ ನಡೆದು ಸಿಲ್ವನ್ನನ ಮುಂದೆ ನಿಂತ. ಅವನ ತಲೆಯಿಂದ ಆಲಿಕೆ ಎತ್ತಿದ. ಸಿಲ್ವನ್ ಅದರ ಅಂಚು ಹಿಡಿದು "ಲೋ, ಸುಮ್ನಿರೋ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಅಲೋಯಿಸ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಲಿಕೆಯನ್ನು ತನ್ನ ತಲೆಗೆ ಇಟ್ಟುಕೊಂಡು, ಕನ್ನಡಿ ಮುಂದೆ ನಿಂತವನ ಹಾಗೆ ಎರಡೂ ಕೈಯಿಂದ ಸರಿ ಮಾಡಿಕೊಂಡ.

ಬಿದ್ದು ಬಿದ್ದು ನಕ್ಕರು. ರಾಜರಿಗೆ ಕಿರೀಟ! ಯಾರೋ ತಮಟೆಯ ಹಾಗೆ ತಟ್ಟೆ ಬಡಿದರು. ಅಲೋಯಿಸ್ ಆಲಿಕೆ ತೆಗೆಯಲಿಲ್ಲ. ನಗಲೂ ಇಲ್ಲ. ಸುಮ್ಮನೆ ನಿಂತೇ ಇದ್ದ. ಮೊದಲು ಮುಂದಿನವರ ನಗು ನಿಂತಿತು, ಆಮೇಲೆ ಅವರ ಹಿಂದಿನವರದು, ಕೊನೆಗೆ ತಟ್ಟೆ ಬಡಿಯುತ್ತಿದ್ದವನು ಒಬ್ಬನೇ ಎರಡು ಸಲ ಬಡಿದು ನಿಲ್ಲಿಸಿದ.

"ಹತ್ತನೇ ಗುಂಡು," ಎಂದ ಅಲೋಯಿಸ್. "ಟೋಪಿ ತೆಗೀದೇ ಹೊಡೆದ್ಬಿಟ್ಟೆ. ಮೂತಿ ಭಾರ ಆಗಿ ಕೈ ನಿಂತ್ಕೊಳ್ತು. ಅದಕ್ಕೇ ನಡುವಿಗೆ ಬಿತ್ತು."

ನಾರ್ಬ್ ಗಂಟಲು ಸರಿಮಾಡಿಕೊಂಡು, "ಗುಂಡು ಗುಂಡೇ. ಇಪ್ಪತ್ತೈದು ಇಪ್ಪತ್ತೈದೇ. ಸರಪಳಿ ವಾಪಸ್ ತಗೊಳಲ್ಲ," ಎಂದ. ಸಿಲ್ವನ್ ಟೋಪಿಯನ್ನು ಅಲೋಯಿಸನ ಜೇಬಿಗೆ ಹಾಕಿ, ಜೇಬಿನ ಮೇಲೊಂದು ಏಟು ಕೊಟ್ಟು, "ನನ್ ದಾಖಲೆ ಮುರಿಯೋ ಯೋಗ್ಯತೆ ಇಲ್ಲ ಇವನಿಗೆ. ಒಂದೇ ಒಂದು ಹಾರಿಸ್ದ, ಅದಕ್ಕೆ ಎಷ್ಟು ಭಾಷಣ," ಎಂದು ಮುಖ ತಿರುಗಿಸಿಕೊಂಡ.

ಯಂತ್ರ ಬಂತು. ಹುಲ್ಲು ಮಲಗುತ್ತ ಹೋಯಿತು. ಹಸಿ ವಾಸನೆ ಮರದಡಿಯವರೆಗೂ ಬಂತು. ಅಲೋಯಿಸ್ ಬೆಂಚಿನ ಮೇಲೆ, ಕೊರಳಲ್ಲಿ ಸರಪಳಿ, ತಲೆಯಲ್ಲಿ ಆಲಿಕೆ. ಓಡೀಲಿಯಾ ಬಂದು ಪಕ್ಕದಲ್ಲಿ ಕೂತು ಅವನ ತಟ್ಟೆಗೆ ಒಂದು ಸಾಸೇಜು ಹಾಕಿದಳು. ಈಗ ಅವನಿಗೆ ಹಸಿವಾಗಿತ್ತು.

"ಗೋಡೆಗೆ ಮೊಳೆ ನೀನೇ ಹೊಡಿ," ಎಂದ ತಿನ್ನುತ್ತ. "ನಾನ್ ಹೊಡೆದ್ರೆ ಎಲ್ಲಿ ಹೊಡ್ದೆ ಅನ್ನೋದೇ ಮರ್ತುಹೋಗತ್ತೆ."

"ಅಡುಗೆಮನೇಲಿ ಹೊಡೀತೀನಿ. ಕಾಫಿ ಕುಡಿಯೋವಾಗ ನೋಡಬಹುದು."

"ಹೂಂ."

ಮಕ್ಕಳ ಓಟ ಶುರುವಾಯಿತು. ಎಂಟು ಜನ ಬೋಳು ಹುಲ್ಲಿನ ಮೇಲೆ ಕಿರುಚುತ್ತ ಓಡಿದರು. ಎಲ್ಲರಿಗಿಂತ ಮುಂದಿದ್ದ ಹಳದಿ ಅಂಗಿಯ ಹುಡುಗಿ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತಳು. ಉಳಿದವರು ಅವಳನ್ನು ದಾಟಿ ಹೋದರು. ಅವಳು ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ದೂರದ ಗುರಿಹಲಗೆಗಳ ಆಚೆ, ಬೆಳಗ್ಗೆ ಜಿಂಕೆ ಮರೆಯಾದ ಕಡೆ ಎಲ್ಲೋ ನೋಡುತ್ತ ನಿಂತಿದ್ದಳು.

"ಓಡೇ! ಓಡೇ ಪೆದ್ದಿ!" ಅವಳ ಅಪ್ಪ ಕುಣಿದಾಡಿದ. ಎಲ್ಲರೂ ಕೂಗಿದರು. ನಾರ್ಬ್ ಗಂಟೆ ಬಾರಿಸಿದ.

"ಬಿಡ್ರೋ," ಎಂದ ಅಲೋಯಿಸ್, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. "ನೋಡ್ಲಿ ಬಿಡಿ."

ಓಡೀಲಿಯಾಗೆ ಕೇಳಿಸಿತು. ಅವಳು ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಹುಡುಗಿ ನೋಡುತ್ತಿದ್ದ ಕಡೆಗೇ ನೋಡಿದಳು. ಬಿಸಿಲು ಜೋರಾಗಿತ್ತು.